ಗೋಲು ನವೀಕರಣದ ಮೊದಲ ಹಂತ

ಕುರುಗೋಡು ಫುಟ್‌ಬಾಲ್ ತಂಡವು ಕಳೆದ ಋತುವಿನಲ್ಲಿ ಒಂದೂ ಪಂದ್ಯ ಗೆಲ್ಲದೆ, ಕೊನೆಯ ಸ್ಥಾನವನ್ನು ಬೇರೆ ಯಾವ ಊರಿಗೂ ಬಿಟ್ಟುಕೊಡದೆ ಉಳಿಸಿಕೊಂಡಿತು.

ಋತು ಮುಗಿದ ಮೇಲೆ ಮೈದಾನದಲ್ಲಿ ಮೆಣಸಿನಕಾಯಿ ಒಣಹಾಕುವುದು ಪದ್ಧತಿ. ಒಣಹಾಕಿದರು. ಪಕ್ಕದ ಬೇವಿನ ಮರದಡಿ ಅಭಿಮಾನಿಗಳ ಬೇಡಿಕೆ ಸಭೆ ಸೇರಿತು. ತಂಡ ಸುಧಾರಿಸಲು ಏನೇನು ಬೇಕೆಂದು ಅಭಿಮಾನಿಗಳು ಸೀನುತ್ತಲೇ ತಿಳಿಸತೊಡಗಿದರು.

ಗೋಲ್‌ಕೀಪರ್ ಪರಶು ಹಿಂದೆ ಕುಳಿತಿದ್ದ. ಚೆಂಡು ಎಡಕ್ಕೆ ಬಂದರೆ ಬಲಕ್ಕೆ ಹಾರುವುದು, ಬಲಕ್ಕೆ ಬಂದರೆ ಯೋಚಿಸುವುದು ಅವನ ಕ್ರಮ. ಅವನಿಗೂ ಒಂದು ಬೇಡಿಕೆ ಇತ್ತು: ತನ್ನನ್ನು ತಂಡದಿಂದ ತೆಗೆದುಹಾಕುವ ಮೊದಲು ಒಂದೇ ಒಂದು ಚೆಂಡನ್ನು ಎದೆಗವಚಿ ಹಿಡಿಯಬೇಕು. ಇದನ್ನು ಸಭೆಯಲ್ಲಿ ಹೇಳಲು ಅವನಿಗೆ ನಾಚಿಕೆಯಾಯಿತು.

ಮೈದಾನದ ಬದಿಯಲ್ಲಿ ಮಿರ್ಚಿ ಕರಿಯುವ ಉಚ್ಚಂಗೆಮ್ಮ ಎದ್ದು ನಿಂತರು. "ಮೊದ್ಲು ಆ ಕೀಪರ್‌ನ ತಗೀರಿ."

"ಅತ್ತೀ, ನಾನು ನಿಮ್ಮ ಅಳಿಯ ಅದೀನಿ," ಎಂದ ಪರಶು.

"ಅದಕ್ಕ ಮನ್ಯಾಗ ಉಣ್ಣಾಕ ಹಾಕ್ತೀನಲ್ಲಪಾ. ಗೋಲಿನ್ಯಾಗೂ ನಾನೇ ನಿಂದ್ರಿಸಬೇಕೇನು?"

ಬೇಡಿಕೆಗೆ ಸರ್ವಾನುಮತದ ಒಪ್ಪಿಗೆ ಸಿಕ್ಕಿತು. ತಂಡದ ಅಧ್ಯಕ್ಷರೂ ಗುತ್ತಿಗೆದಾರರೂ ಆದ ಚಿದಾನಂದಪ್ಪನವರು, "ಇವ್ನ ಬದ್ಲಿ ಯಾರು ನಿಂದರ್ತೀರಿ?" ಎಂದು ಕೇಳಿದರು. ಎದುರಾಳಿ ಸಿರುಗುಪ್ಪದವರು ಚೆಂಡು ಒದೆಯುವ ರಭಸವನ್ನು ಎಲ್ಲರೂ ನೋಡಿದ್ದರು. ನಾಯಕ ಕರಿಬಸವ ಮೆಣಸಿನಕಾಯಿಯ ಬಣ್ಣ ಪರೀಕ್ಷಿಸತೊಡಗಿದ.

"ಯಾರೂ ಇಲ್ಲಂದ್ರ ತಪ್ಪು ಕೀಪರಂದಲ್ಲ, ಗೋಲಿಂದು," ಎಂದು ಚಿದಾನಂದಪ್ಪನವರು ತೀರ್ಪಿತ್ತರು. "ನನ್ನ ಗೋಡೌನ್ ಬಾಗ್ಲೂ ಇಷ್ಟು ಅಗಲ ಇಲ್ಲ. ಯಾರು ಕಾಯ್ತಾರ್ರಿ ಇದನ್ನ?"

ಗೋಲು ನವೀಕರಣಕ್ಕೆ ಟೆಂಡರ್ ಕರೆಯಲಾಯಿತು. ಚಿದಾನಂದಪ್ಪನವರೊಬ್ಬರೇ ಅರ್ಜಿ ಹಾಕಿದರು. ಚಿದಾನಂದಪ್ಪನವರು ಅದನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಿ, ಅರ್ಜಿದಾರರ ಪ್ರಾಮಾಣಿಕತೆಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು. ಹಳೆಯ ಕಂಬಗಳೆರಡನ್ನೂ ಕಿತ್ತು ಹೊಸ ಕಂಬ ಒಂದನ್ನು ನೆಡಲಾಯಿತು. ಇಲ್ಲಿಗೆ ಮೊದಲ ಹಂತ ಮುಗಿಯಿತು. ಎರಡನೆಯ ಕಂಬ ಎರಡನೆಯ ಹಂತದಲ್ಲಿ ಬರುತ್ತದೆ. ಅಲ್ಲಿಯವರೆಗೆ ಒಂದು ಫಲಕ ನಿಂತಿತು: "ಕಾಮಗಾರಿ ಪ್ರಗತಿಯಲ್ಲಿದೆ. ಅನಧಿಕೃತ ಪ್ರವೇಶ ನಿಷೇಧಿಸಿದೆ." ಪರಶುವಿಗೂ ಒಳಗೆ ಪ್ರವೇಶ ಇಲ್ಲವಾದ್ದರಿಂದ ಕಂಬದ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು.

ಹೊಸ ಋತುವಿನ ಮೊದಲ ಪಂದ್ಯ ಸಿರುಗುಪ್ಪದ ಮೇಲೆ. ಅವರು ಒದ್ದ ಚೆಂಡು ಪರಶುವಿನ ಕುರ್ಚಿ ದಾಟಿ ಒಳಗೆ ಹೋಯಿತು. ಸಿರುಗುಪ್ಪದವರು ಕುಣಿದರು. ಮೋಕದಿಂದ ಬಂದಿದ್ದ ರೆಫ್ರಿ ರಾಮಾಂಜಿನಿ ಫಲಕವನ್ನು ಎರಡು ಸಲ ಓದಿದರು.

"ಚೆಂಡಿಗೆ ಪರ್ಮಿಷನ್ ಐತೇನ್ರಿ?"

"ಚೆಂಡಿಗೆ ಯಾವ ಪರ್ಮಿಷನ್ ಸಾರ್?"

"ಹಂಗಾದ್ರ ಅನಧಿಕೃತ."

ಗೋಲು ರದ್ದಾಯಿತು. ಮಧ್ಯಂತರದ ನಂತರ ತಂಡಗಳು ಬದಿ ಬದಲಿಸಬೇಕೆಂಬ ನಿಯಮ ಚಿದಾನಂದಪ್ಪನವರಿಗೆ ಗೊತ್ತಿತ್ತು. ಆಟಗಾರರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಆಚೆ ಬದಿಯ ಗೋಲಿನ ಒಂದು ಕಂಬವನ್ನೂ ಕೀಳಿಸಿ, ಫಲಕ ನಿಲ್ಲಿಸಿ, ಅಲ್ಲೂ ಮೊದಲ ಹಂತ ಮುಗಿಸಿದರು. ಕಾಮಗಾರಿ ಇಷ್ಟು ಬೇಗ ಮುಗಿದದ್ದನ್ನು ಕುರುಗೋಡು ಹಿಂದೆಂದೂ ಕಂಡಿರಲಿಲ್ಲ. ಪಂದ್ಯ ಸಮವಾಯಿತು. ಪಟಾಕಿ ಹೊಡೆದರು.

ಸಿರುಗುಪ್ಪದವರು ದೂರು ಕೊಡಲಿಲ್ಲ. ಚಿದಾನಂದಪ್ಪನವರ ಫೋನ್ ನಂಬರ್ ತೆಗೆದುಕೊಂಡು ಹೋದರು. ಮುಂದೆ ಮೋಕ, ಕುಡತಿನಿ, ಬಳ್ಳಾರಿಯ ಪಾರ್ವತಿನಗರ, ಎಲ್ಲೆಡೆ ಕಾಮಗಾರಿ ಆರಂಭವಾಯಿತು. ಎಲ್ಲ ಪಂದ್ಯಗಳೂ ಸಮವಾದವು. ಎಲ್ಲ ತಂಡಗಳೂ ಮೊದಲ ಸ್ಥಾನಕ್ಕೆ ಬಂದವು. ಅದೇ ಕೊನೆಯ ಸ್ಥಾನವೂ ಹೌದೆಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಕಾಣಲಿಲ್ಲ.

ಒಂದೂ ಗೋಲು ಬಿಟ್ಟುಕೊಡದ ಕೀಪರ್ ಎಂದು ಪರಶುವಿಗೆ ಶಾಲು ಹೊದಿಸಿದರು. ಉಚ್ಚಂಗೆಮ್ಮ ಮಿರ್ಚಿ ಕೊಳ್ಳುವವರಿಗೆಲ್ಲ, "ನಮ್ಮ ಅಳಿಯ, ಕಲ್ಲಿನ ಗ್ವಾಡಿ ಇದ್ದಂಗ," ಎನ್ನುತ್ತಿದ್ದರು. ಪರಶುವಿಗೆ ಕುರ್ಚಿಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಚೆಂಡು ಮಾತ್ರ ದಿನಾ ಪಕ್ಕದಲ್ಲೇ ಹಾದುಹೋಗುತ್ತಿತ್ತು.

ಕೊನೆಯ ಪಂದ್ಯದಲ್ಲಿ ಕುಡತಿನಿಯವರು ಒದ್ದ ಚೆಂಡು ಎಡಕ್ಕೆ ಬಂತು. ಪರಶು ಕುರ್ಚಿ ಒದ್ದು ಎಡಕ್ಕೇ ಹಾರಿದ. ಧೂಳು ಇಳಿದಾಗ ಅವನು ಗೋಲಿನ ಬಾಯಲ್ಲಿ ಗೆರೆಯ ಮೇಲೆ ಬಿದ್ದಿದ್ದ. ಚೆಂಡು ಎದೆಯ ಮೇಲಿತ್ತು. ಅವನು ಅತ್ತೆಯ ಕಡೆ ನೋಡಿದ.

ರಾಮಾಂಜಿನಿ ಓಡಿಬಂದು ಹಳದಿ ಕಾರ್ಡು ತೋರಿಸಿದರು. "ಕೆಲಸ ನಡಿಯೋ ಜಾಗದಾಗ ಬಿದ್ದೀಯಲ್ಲಲೇ! ಹೆಲ್ಮೆಟ್ ಎಲ್ಲಿ?"

"ಚೆಂಡು ಹಿಡದೀನ್ರಿ ಸಾರ್."

"ಅದು ಯಾರ ಬೇಡಿಕೆ ಆಗಿತ್ತೋ?" ಎಂದು ಚಿದಾನಂದಪ್ಪನವರು ನೊಂದು ಕೇಳಿದರು.

"ಎಲ್ಲಾ ಸುಸೂತ್ರ ನಡದಿತ್ತಲ್ಲಪಾ," ಎಂದರು ಉಚ್ಚಂಗೆಮ್ಮ. "ಯಾಕ ಬೇಕಿತ್ತು ನಿನಗ?"

ಪರಶು ಎದ್ದು ಅಂಗಿ ಕೊಡವಿಕೊಂಡ. ಚೆಂಡನ್ನು ಇನ್ನೊಂದು ಗಳಿಗೆ ಅವಚಿಕೊಂಡಿದ್ದು, "ತಪ್ಪಾತ್ರಿ," ಎಂದು, ಅದು ಹೊರಟಿದ್ದ ಕಡೆಗೇ ಮೆಲ್ಲಗೆ ಉರುಳಿಸಿದ. ಚೆಂಡು ಗೆರೆ ದಾಟಿತು. ಅನಧಿಕೃತ ಪ್ರವೇಶವೆಂದು ರಾಮಾಂಜಿನಿ ಸೀಟಿ ಊದಿದರು. ಎರಡೂ ಊರಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.