ಮುತ್ತಜ್ಜ ಕದ್ದ ಬೇಸುಗಳು

ದುಬೈಯ ಆಫೀಸಿನಲ್ಲಿ ನಿಮಗೊಂದು ಕೆಲಸ ಮಾಡಲು ಬರುತ್ತದೆ ಎಂದು ನಾಲ್ಕು ಜನಕ್ಕೆ ತಿಳಿದರೆ ಮುಗಿಯಿತು, ಅದರ ನೆಂಟರಿಷ್ಟರ ಕೆಲಸವೆಲ್ಲ ನಿಮ್ಮ ಮೇಜಿಗೇ ಬಂದು ಕೂರುತ್ತದೆ. ಅಲ್ ನಹ್ದಾದ ಮರಳು ಮೈದಾನದಲ್ಲಿ ಶುಕ್ರವಾರ ಬೆಳಿಗ್ಗೆ ನಮ್ಮ ಕರಾವಳಿಯವರು ಆಡುವ ಕ್ರಿಕೆಟ್ಟಿಗೆ ಸ್ಕೋರು ಬರೆಯುವವನು ನಾನು. ಅದು ಗೊತ್ತಾದದ್ದೇ ನಮ್ಮ ಅಮೆರಿಕನ್ ಮ್ಯಾನೇಜರ್ ಒಂದು ಕಟ್ಟು ಜೆರಾಕ್ಸ್ ತಂದು ಮುಂದಿಟ್ಟರು. ನೂರು ವರ್ಷಕ್ಕೂ ಹಿಂದಿನ ಪತ್ರಿಕೆಗಳ ಬೇಸ್‌ಬಾಲ್ ಸ್ಕೋರುಗಳು.

ಅವರ ತಾಯಿಯ ಅಜ್ಜ, ಅಂದರೆ ಇವರ ಮುತ್ತಜ್ಜ, ಬೇಸ್ ಕದಿಯುವುದರಲ್ಲಿ ಹೆಸರುವಾಸಿಯಂತೆ. ಬ್ಯಾಟಿಗೆ ಚೆಂಡು ತಾಗದಿದ್ದರೂ, ಎಸೆಯುವವನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿ ಸೇರಿಕೊಳ್ಳುವುದಕ್ಕೆ ಹಾಗೆನ್ನುತ್ತಾರೆ. ಬೇಸ್ ಎಂದರೆ ಓಡುವವನು ಒಂದೊಂದಾಗಿ ಮುಟ್ಟುತ್ತ ಹೋಗಬೇಕಾದ ಠಾವು, ಒಂದರಲ್ಲಿ ಒಬ್ಬನಿಗೇ ಜಾಗ. ಅಜ್ಜ ಒಟ್ಟು ಇಷ್ಟು ಬೇಸ್ ಕದ್ದರೆಂದು ತಾಯಿ ಚಿಕ್ಕಂದಿನಿಂದ ಹೇಳುತ್ತ ಬಂದ ಸಂಖ್ಯೆಯನ್ನು ಮನೆಯಲ್ಲಿ ಯಾರೂ ನಂಬಿಲ್ಲ. ಮುಂದಿನ ತಿಂಗಳು ತಾಯಿಗೆ ತೊಂಬತ್ತು ತುಂಬುತ್ತದೆ, ಆ ದಿನ ಅವರ ಮಾತು ನಿಜವೆಂದು ತೋರಿಸಬೇಕು, ಅಷ್ಟೇ ಮಗನ ಆಸೆ. ನನಗೆ ನನ್ನ ಅಮ್ಮನ ನೆನಪಾಯಿತು, ಒಪ್ಪಿಕೊಂಡೆ.

ಮುತ್ತಜ್ಜನಿಗೆ ಸೊನ್ನೆ

ಎರಡು ವಾರ ಊಟದ ಬಿಡುವಿನಲ್ಲೆಲ್ಲ ಕೂತು ಆ ಸ್ಕೋರುಗಳನ್ನು ಟೈಪ್ ಮಾಡಿದೆ. ಕ್ರಿಕೆಟ್ಟಿನಲ್ಲಿ ಬ್ಯಾಟಿಗೆ ತಾಗದೆ ಓಡಿದ ರನ್ನು ಬ್ಯಾಟ್ಸ್‌ಮನ್ನಿಗೆ ಸೇರುವುದಿಲ್ಲ, ಎಕ್ಸ್‌ಟ್ರಾಸಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಪಳಗಿದ ಕೈ, ಅದೇ ಹಾದಿ ಹಿಡಿಯಿತು. ಮುತ್ತಜ್ಜ ಕದ್ದದ್ದನ್ನೆಲ್ಲ ಒಂದೂ ಬಿಡದೆ ಎಕ್ಸ್‌ಟ್ರಾಸ್ ಸಾಲಿಗೆ ಹಾಕಿದೆ. ಅವರ ಹೆಸರಿನ ಮುಂದೆ ಸೊನ್ನೆ ಬರೆದು, ಚೆಂದದ ಬಣ್ಣ ಕೊಟ್ಟು ಪ್ರಿಂಟ್ ತೆಗೆದೆ.

ಮ್ಯಾನೇಜರ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಮುಖ ಸಪ್ಪಗಾಯಿತು. ಕೊನೆಗೆ ಮೆಲ್ಲಗೆ ಕೇಳಿದರು, "ಈ ಎಕ್ಸ್‌ಟ್ರಾಸ್ ಅನ್ನುವವರು ಯಾರು? ಇಷ್ಟು ದೊಡ್ಡ ಆಟಗಾರನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಹೇಳಲೇ ಇಲ್ಲವಲ್ಲ."

ಶುಕ್ರವಾರದ ಪಾಠ

ಬೇಸ್ ಕದಿಯುವುದೆಂದರೆ ಏನೆಂದು ಕಾಗದದಲ್ಲಿ ನನಗೆ ಅರ್ಥವಾಗುವುದಿಲ್ಲವೆಂದು ಅವರು ಶುಕ್ರವಾರ ಚಡ್ಡಿ ಹಾಕಿಕೊಂಡು ನಮ್ಮ ಮೈದಾನಕ್ಕೇ ಬಂದರು. ಬೌಲರ್ ಪಕ್ಕದ ವಿಕೆಟ್ಟಿನ ಬಳಿ ನಿಂತರು. ನಮ್ಮ ಕುಂದಾಪುರದ ಬೌಲರ್ ಓಡಿ ಬರುತ್ತಿದ್ದ ಹಾಗೆಯೇ ಇವರು ಆಚೆ ತುದಿಗೆ ಓಟ ಕಿತ್ತರು. ಬೌಲರ್ ಅಲ್ಲೇ ನಿಂತು, ಕೈಯಲ್ಲಿದ್ದ ಚೆಂಡಿನಿಂದ ನಿಧಾನವಾಗಿ ಬೇಲ್ಸ್ ಉರುಳಿಸಿದ. ಇವರು ಅದೊಂದೂ ಕಾಣದೆ ಮರಳಿನಲ್ಲಿ ಹಾರಿ ಬಿದ್ದು ಗೆರೆ ಮುಟ್ಟಿ, ಎರಡೂ ಕೈ ಎತ್ತಿದರು.

ಅಂಪೈರ್ ಆಗಿದ್ದ ಸತ್ವಾ ಪೇಟೆಯ ಟೈಲರ್ ನನ್ನನ್ನು ಹತ್ತಿರ ಕರೆದರು. "ಅವ್ರಿಗೆ ನೀವೇ ಹೇಳಿ ಮಾರಾಯ್ರೆ. ಅವ್ರು ಅಲ್ಲಿಗೆ ಮುಟ್ಟುವ ಮೊದ್ಲೇ ಇಲ್ಲಿ ಔಟಾಗಿ ಆಯ್ತು. ಪಾಪ, ಮಂಡಿ ಸುಮ್ಮನೆ ತರಚಿಕೊಂಡ್ರು."

ಒಂದು ಕಡಿಮೆ

ನನಗೆ ಆಟ ಅರ್ಥವಾದದ್ದು ಮಾತ್ರ ಆ ಮಂಡಿಯ ಪುಣ್ಯದಿಂದಲೇ. ಬ್ಯಾಟಿಗೆ ತಾಗಲಿ ಬಿಡಲಿ, ಕದ್ದ ಬೇಸು ಓಡಿದವನದೇ ಲೆಕ್ಕ. ಎಲ್ಲವನ್ನೂ ಮುತ್ತಜ್ಜನ ಸಾಲಿಗೆ ತಂದು ಮತ್ತೆ ಕೂಡಿಸಿದೆ. ತಾಯಿ ಹೇಳುವ ಸಂಖ್ಯೆಗೆ ಒಂದೇ ಒಂದು ಕಡಿಮೆ ಬಂತು. ಮೂರು ಸಲ ಎಣಿಸಿದರೂ ಅಷ್ಟೇ. ಹುಟ್ಟುಹಬ್ಬ ಮರುದಿನ.

"ಒಂದು ತಾನೇ ಸರ್, ಎಲ್ಲಾದರೂ ಸೇರಿಸಿಬಿಡುತ್ತೇನೆ" ಎಂದೆ.

"ಬೇಡ. ಅಮ್ಮನಿಗೆ ಸುಳ್ಳು ಹೇಳಿ ನಾನು ಒಮ್ಮೆಯೂ ದಕ್ಕಿಸಿಕೊಂಡವನಲ್ಲ" ಎಂದರು.

ನನಗೂ ಸಂಕಟವಾಯಿತು. ಮರುದಿನ ಸಂಜೆ, ಅಮೆರಿಕದಲ್ಲಿ ಬೆಳಿಗ್ಗೆ, ಕಂಪ್ಯೂಟರಿನ ಪರದೆಯ ಮೇಲೆ ಮ್ಯಾನೇಜರರ ತಾಯಿ, ತೊಂಬತ್ತರ ಅಜ್ಜಿ, ಬಂದು ಕೂತರು. ಅರವತ್ತು ದಾಟಿದ ಮಗ ಹಾಳೆ ಎತ್ತಿ ಹಿಡಿದು, "ಅಮ್ಮಾ, ಒಂದು ಕಡಿಮೆ ಬರುತ್ತಿದೆ" ಎಂದರು.

ಅಜ್ಜಿ ಪರದೆಯ ಹತ್ತಿರಕ್ಕೆ ಬಾಗಿದರು. "ಹಾಗಾದರೆ ಉಳಿದದ್ದೆಲ್ಲ ನಿಜವೇ? ನನಗೇ ಅನುಮಾನವಿತ್ತು" ಎಂದು ಕಣ್ಣೊರೆಸಿಕೊಂಡರು. ಆಮೇಲೆ ನಗತೊಡಗಿದರು.

"ಆ ಒಂದನ್ನು ಪತ್ರಿಕೆಯವರು ಹೇಗೆ ಬರೆದಾರು? ಅಜ್ಜ ತಲೆ ತಗ್ಗಿಸಿ ಓಡಿ, ಧೂಳೆಬ್ಬಿಸಿ ಜಾರಿ ಬೇಸ್ ಮುಟ್ಟಿದ. ಎದ್ದು ಟೋಪಿ ಕೊಡವಿ ನೋಡಿದರೆ ಅವನದೇ ತಂಡದವನೊಬ್ಬ ಮೊದಲಿನಿಂದಲೂ ಅದರ ಮೇಲೆ ನಿಂತಿದ್ದಾನೆ. ಅಜ್ಜನಿಗೆ ಔಟ್ ಕೊಟ್ಟರು. ಆದರೆ ಅವನು ಸಾಯುವವರೆಗೂ ಅದನ್ನು ಲೆಕ್ಕದಿಂದ ತೆಗೆಯಲಿಲ್ಲ. 'ನಾನು ತಲುಪಿದೆನೋ ಇಲ್ಲವೋ, ಅಷ್ಟು ಹೇಳಿ. ಜಾಗ ಖಾಲಿ ಇಲ್ಲದಿದ್ದರೆ ಅದು ನನ್ನ ತಪ್ಪೇ?' ಅನ್ನುತ್ತಿದ್ದ."