ರವಾನೆ ಗುಮಾಸ್ತೆಯ ಕೊನೆ ಪರೀಕ್ಷೆ

ಆ ಮನೆಯಲ್ಲಿ ಯಾವ ಸಾಮಾನು ಎಲ್ಲಿದೆ ಅಂತ ಗೊತ್ತಿದ್ದದ್ದು ಅವಳೊಬ್ಬಳಿಗೇ. ಗಂಡನ ಕನ್ನಡಕ ಅವನ ತಲೆ ಮೇಲೇ ಇದ್ದರೂ ಅವಳೇ ಹೇಳಬೇಕು. ಬಿಸ್ಕತ್ತು ಕಾರ್ಖಾನೆಯಲ್ಲೂ ಅದೇ ಹಾಡು. ರವಾನೆ ವಿಭಾಗದ ಗುಮಾಸ್ತೆ ಅವಳು. ಅವಳು ಸೀಲು ಒತ್ತದೆ ಒಂದು ಲಾರಿಯೂ ಗೇಟು ದಾಟುತ್ತಿರಲಿಲ್ಲ.

ಮೇಲ್ವಿಚಾರಕಿ ಆಗಬೇಕಾದರೆ ಡಿಗ್ರಿ ಬೇಕು ಅಂತ ಮ್ಯಾನೇಜರು ಹೇಳಿ ಮೂರು ವರ್ಷವಾಗಿತ್ತು. ಅವತ್ತಿನಿಂದ ಆನ್‌ಲೈನ್ ಕಾಲೇಜು ಸೇರಿ, ಪಾತ್ರೆ ತೊಳೆಯುವಾಗ ಒಂದು ಕಿವಿಯಲ್ಲಿ ಪಾಠ, ಇನ್ನೊಂದು ಕಿವಿಯಲ್ಲಿ ಅತ್ತೆಯ ಗೊಣಗಾಟ ಕೇಳಿಕೊಂಡು ಓದಿದ್ದಳು. ಈಗ ಹುದ್ದೆ ಖಾಲಿಯಾಗಿದೆ. ಇವತ್ತು ಹತ್ತು ಗಂಟೆಗೆ ಕೊನೆ ಪರೀಕ್ಷೆ, ಮುಗಿದ ತಕ್ಷಣ ಫಲಿತಾಂಶ. ಮಧ್ಯಾಹ್ನವೇ ಮ್ಯಾನೇಜರು ಯಾರಿಗೆ ಹುದ್ದೆ ಅಂತ ಹೇಳುವವರಿದ್ದರು.

ಪರೀಕ್ಷೆಯ ನಿಯಮವೋ, ದೇವರೇ ಗತಿ. ಕ್ಯಾಮೆರಾ ಮುಂದೆ ಒಬ್ಬಳೇ ಕೂರಬೇಕು. ಬೇರೆ ಮುಖ ಕಾಣಬಾರದು, ಬೇರೆ ದನಿ ಕೇಳಬಾರದು. ಮೂರು ಸಲ ಎಚ್ಚರಿಕೆ ಬಂತೋ, ಪರೀಕ್ಷೆ ರದ್ದು.

ಅದಕ್ಕೇ ಅವಳು ಹಿಂದಿನ ದಿನವೇ ನಲವತ್ತು ಚೀಟಿ ಬರೆದಿಟ್ಟಿದ್ದಳು. 'ಅತ್ತೆ ಮಾತ್ರೆ, ಫ್ರಿಜ್ ಮೇಲೆ.' 'ಸಾಕ್ಸು, ಎಡಗಡೆ ಡ್ರಾಯರು.' 'ಕನ್ನಡಕ, ತಲೆ ಮುಟ್ಟಿ ನೋಡಿ.' ಅಲ್ಲಲ್ಲಿ ಅಂಟಿಸಿದರೆ ಚೀಟಿ ಎಲ್ಲಿ ಅಂತ ಕೇಳುತ್ತಾರೆಂದು ನಲವತ್ತನ್ನೂ ನಡುಮನೆಯ ಒಂದೇ ಗೋಡೆಗೆ ಮೆತ್ತಿದಳು. ಸಿಗ್ನಲ್ ಸಿಗುವುದೂ ನಡುಮನೆಯಲ್ಲೇ ಆದ್ದರಿಂದ, ಅದೇ ಗೋಡೆಗೆ ಬೆನ್ನು ಹಾಕಿ ಪರೀಕ್ಷೆಗೆ ಕೂತಳು.

ಹತ್ತು ಗಂಟೆ ಎರಡು ನಿಮಿಷಕ್ಕೆ ಕಂಪ್ಯೂಟರಿನೊಳಗಿಂದ ಪರೀಕ್ಷೆ ಕಾಯುವವನ ದನಿ ಬಂತು. "ಮೇಡಂ, ಹಿಂದೆ ಗೋಡೆ ತುಂಬ ಏನದು ಕಾಪಿ ಚೀಟಿ?"

"ಅಯ್ಯೋ, ಕಾಪಿ ಅಲ್ಲ ಸಾರ್! ಮನೆ ಸಾಮಾನು!"

"ಒಂದೊಂದಾಗಿ ಓದಿ, ಕಿತ್ತು ಹಾಕಿ."

ನಲವತ್ತನ್ನೂ ಓದಿ ಕೀಳುವಷ್ಟರಲ್ಲಿ ಹದಿನೈದು ನಿಮಿಷ ಹಾಳಾಯಿತು. ಮೊದಲ ಎಚ್ಚರಿಕೆಯೂ ಬಂತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಕರುಣೆ ಜಾಸ್ತಿ. ಹನ್ನೆರಡನೇ ಪ್ರಶ್ನೆಗೆ ಅವಳು ಪೆನ್ನು ಕಚ್ಚುತ್ತಾ ಕೂತದ್ದನ್ನು ಕಿಟಕಿಯಿಂದ ನೋಡಿ, ತಲೆಯನ್ನೇ ಒಳಗೆ ತೂರಿಸಿದರು. "ಬಿ ಹಾಕಮ್ಮಾ, ಬಿ! ನಲವತ್ತು ವರ್ಷ ಪಾಠ ಮಾಡಿದೋನು ನಾನು!"

ಎರಡನೇ ಎಚ್ಚರಿಕೆ ಬಂತು. ಉತ್ತರವೂ ಬಿ ಆಗಿರಲಿಲ್ಲ.

ಇನ್ನೊಂದು ಸದ್ದಾದರೆ ಮೂರು ವರ್ಷದ ನಿದ್ದೆಗೇಡು ನೀರಲ್ಲಿ ಹೋಮ. ಅಷ್ಟರಲ್ಲಿ ಕ್ಯಾಮೆರಾಕ್ಕೆ ಕಾಣದ ಎದುರು ಬಾಗಿಲಲ್ಲಿ ಆಫೀಸಿನ ಆಮೇಲಪ್ಪ ಕಾಣಿಸಿಕೊಂಡ. ಯಾವ ಕೆಲಸ ಕೊಟ್ಟರೂ "ಆಮೇಲೆ ನೋಡೋಣ" ಅನ್ನುವ ಮಹಾಶಯ. ಡಿಗ್ರಿ ಇತ್ತು, ಅದನ್ನು ಗೋಡೆಗೆ ತೂಗುಹಾಕಿದ್ದು ಬಿಟ್ಟರೆ ಬೇರೆ ಉಪಯೋಗಕ್ಕೆ ತಂದವನಲ್ಲ. ಅವಳ ಫೋನು ಆಫ್ ಆಗಿದೆಯೆಂದು, ಗೇಟ್ ಪಾಸ್ ಪುಸ್ತಕ ಎಲ್ಲಿ ಅಂತ ಕೇಳಲು ಖುದ್ದಾಗಿ ಬಂದಿದ್ದ. "ಅಕ್ಕಾ" ಅನ್ನಲು ಬಾಯಿ ತೆರೆದ.

ಗಂಡ ಹಿಂದಿನಿಂದ ಬಂದು ಅವನ ಬಾಯಿಗೆ ಟವೆಲ್ ಒತ್ತಿ, ಹಾಗೇ ಬೀದಿಗೆ ಎಳೆದುಕೊಂಡು ಹೋದ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಪುಣ್ಯಾತ್ಮ ಮೊದಲ ಸಲ ಸಮಯಕ್ಕೆ ಒದಗಿದ್ದ. ಅವಳಿಗೆ ಅಳು ಬಂತು. ಅಳುವುದಕ್ಕೂ ಎಚ್ಚರಿಕೆ ಕೊಟ್ಟಾರೆಂದು ನುಂಗಿಕೊಂಡಳು.

ಹನ್ನೊಂದೂವರೆಗೆ ಪರದೆಯ ಮೇಲೆ ಬಂತು: ತೇರ್ಗಡೆ, ಎಪ್ಪತ್ತೊಂದು.

ಅತ್ತೆ ಖಾಲಿ ಗೋಡೆ ನೋಡುತ್ತಾ, "ಅದೆಲ್ಲ ಸರಿ, ನನ್ನ ಮಾತ್ರೆ ಎಲ್ಲಿ?" ಅಂದರು. ಅವಳು ನಗುತ್ತಲೇ ತೆಗೆದುಕೊಟ್ಟು ಕಾರ್ಖಾನೆಗೆ ಓಡಿದಳು.

ಗೇಟಿನಲ್ಲಿ ಐದು ಲಾರಿ ಸಾಲಾಗಿ ನಿಂತಿದ್ದವು. ಡ್ರೈವರುಗಳು ಬೈಯುತ್ತಿದ್ದರು. ಅವಳು ಸೀದಾ ಮ್ಯಾನೇಜರ ಕೋಣೆಗೆ ಹೋದಳು.

"ಪಾಸಾದೆ ಸಾರ್!"

"ಭೇಷ್! ನಮಗೆಲ್ಲ ಹೆಮ್ಮೆ ಕಣಮ್ಮಾ," ಅಂತ ಮ್ಯಾನೇಜರು ಎದ್ದೇ ನಿಂತರು. "ಕೂತ್ಕೊಳ್ಳಿ. ಇವತ್ತು ಅರ್ಧ ದಿನ ನೀವಿಲ್ಲ ನೋಡಿ, ಐದು ಲಾರಿ ನಿಂತುಬಿಟ್ವು. ನಿಮ್ಮ ಬೆಲೆ ಏನು ಅಂತ ಇವತ್ತೇ ಗೊತ್ತಾಗಿದ್ದು ನನಗೆ."

ಅವಳ ಮುಖ ಅರಳಿತು.

"ಅದಕ್ಕೇ ತೀರ್ಮಾನ ಮಾಡಿದೆ. ನಿಮ್ಮನ್ನ ಆ ಟೇಬಲ್ಲಿಂದ ಎಬ್ಬಿಸಿದ್ರೆ ಕಾರ್ಖಾನೆ ಮುಚ್ಚಬೇಕಾಗುತ್ತೆ."

"ಮತ್ತೆ... ಹುದ್ದೆ?"

"ಆಮೇಲಪ್ಪಂಗೆ ಕೊಟ್ಟಿದೀನಿ. ಅವನು ತಿಂಗಳು ರಜಾ ಹಾಕಿದ್ರೂ ಒಂದು ಲಾರಿ ನಿಲ್ಲಲ್ಲ. ಅವನನ್ನ ಅವನ ಟೇಬಲ್ಲಿಂದ ಎಬ್ಬಿಸಿದ್ರೆ ಯಾರಿಗೂ ತೊಂದರೆ ಇಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ.

ಮ್ಯಾನೇಜರು ಮಾತ್ರ ಅಕ್ಕರೆಯಿಂದ ಮುಂದುವರಿಸಿದರು. "ಆ ಕೆಲಸ ಅವನಿಗೆ ಒಂದು ಚೂರೂ ಬರಲ್ಲ. ನೀವೇ ಕೂರಿಸಿಕೊಂಡು ಸ್ವಲ್ಪ ಹೇಳಿಕೊಡಿ. ಹೇಗಿದ್ರೂ ಈಗ ಓದಿದೋರು ನೀವು."