ಒಳಗೆ ಬಿಟ್ಟ ನಾಲ್ಕು ಬೆರಳು ಬಟ್ಟೆ

ನನ್ನ ಮಗಳ ತೂಕ ಜಾಸ್ತಿಯಾಗಿದೆ ಎನ್ನಲು ಆ ಶಾಲೆಯ ಡಾಕ್ಟರಮ್ಮ ಯಾರು? ನೀವೇ ಹೇಳಿ. ನಾನು ದರ್ಜಿ, ಅಳೆಯುವುದೇ ನನ್ನ ಕಸುಬು! ಈ ಬೀದಿಯ ಸೊಂಟಗಳೆಲ್ಲ ನನ್ನ ಟೇಪಿಗೆ ತಲೆಬಾಗಿವೆ. (ಕೆಲವರ ಅಳತೆಯನ್ನು ನಾನು ಸತ್ತರೂ ಬಾಯಿಬಿಡುವುದಿಲ್ಲ.)

"ಈಗಲೇ ತಡೀಬೇಕಂತೆ, ದೊಡ್ಡವಳಾದ ಮೇಲೆ ಕಷ್ಟವಂತೆ" ಎಂದಳು ಹೆಂಡತಿ.

"ಸುಳ್ಳು! ಎರಡು ವರ್ಷದ ಹಿಂದೆ ಹೊಲಿದ ಸ್ಕರ್ಟು ಇವತ್ತಿಗೂ ಸೊಂಟಕ್ಕೆ ಸರಿಯಾಗಿ ಕೂರುತ್ತೆ. ಇನ್ನೇನು ಸಾಕ್ಷಿ ಬೇಕು?"

ಅವಳು ಸ್ಕರ್ಟನ್ನು ತಂದು, ಒಳಮಗ್ಗುಲು ಹೊರಗೆ ಮಾಡಿ ನನ್ನ ಮೂಗಿಗೆ ಹಿಡಿದಳು. ಹೊಲಿಯುವಾಗ ಪಕ್ಕಗಳಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಿಚಿ ಬಿಡುವುದು ನನ್ನ ಘನವಾದ ವೃತ್ತಿಧರ್ಮ. ಪುಟ್ಟಿ "ಬಿಗಿ ಅಪ್ಪಾ" ಎಂದ ಸಂಜೆಯೇ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದೆ. ಸಮಾಧಾನಕ್ಕೆ ಒಂದು ಪೊಟ್ಟಣ ಬಿಸ್ಕತ್ತನ್ನೂ ಕೊಡಿಸುತ್ತಿದ್ದೆ. ಹೆತ್ತ ಕರುಳಲ್ಲವೇ?

"ನೋಡಿ, ಒಳಗೆ ಒಂದು ನೂಲಷ್ಟೂ ಉಳಿದಿಲ್ಲ. ಇನ್ನೇನು ಬಿಚ್ತೀರಾ?"

"ಪಟ್ಟಿ ಸೇರಿಸ್ತೀನಿ! ನನ್ನ ಕೈಲಿ ಕತ್ತರಿ ಇರೋವರೆಗೂ ನನ್ನ ಮಗಳಿಗೆ ಯಾವ ಬಟ್ಟೆನೂ ಬಿಗಿಯಾಗಲ್ಲ!" ಎಂದು ಗುಡುಗಿದೆ.

ಬಾಗಿಲಲ್ಲಿ ನಿಂತಿದ್ದ ಪುಟ್ಟಿಯ ಕಣ್ಣಲ್ಲಿ ನೀರು. "ಅಪ್ಪಾ, ರಿಲೇ ಓಟಕ್ಕೆ ನನ್ನ ಸೇರಿಸ್ಕೊಳ್ಳಲಿಲ್ಲ. ಅರ್ಧಕ್ಕೇ ಏದುಸಿರು ಬರುತ್ತೆ. ಪಟ್ಟಿ ಸೇರಿಸಿದ್ರೆ ಓಡೋಕಾಗುತ್ತಾ?"

ಕತ್ತರಿಯನ್ನು ಕೆಳಗಿಟ್ಟೆ. ಆದರೂ ನಾನು ಸೋಲುವವನೇ? "ನಾಳೆಯಿಂದ ನಾನೇ ನಿನ್ನ ಕೋಚು! ಬಿಸ್ಕತ್ತು ಬಂದ್! ನೀನು ಆ ತಂಡಕ್ಕೆ ಸೇರೋದನ್ನ ಯಾರು ತಡೀತಾರೋ ನೋಡೇಬಿಡ್ತೀನಿ!"

ಬೆಳಿಗ್ಗೆ ಮೈದಾನದಲ್ಲಿ, ಓಟ ಶುರು ಮಾಡುವ ಭಂಗಿಯನ್ನು ತೋರಿಸಲು ಗಂಭೀರವಾಗಿ ಬಗ್ಗಿದೆ. ಪರ್ರ್! ಬೆನ್ನ ಕೆಳಗೆ ತಂಗಾಳಿ ಬೀಸಿತು. ಪುಟ್ಟಿ ಬಿದ್ದು ಬಿದ್ದು ನಕ್ಕು, ಸುದ್ದಿ ಮುಟ್ಟಿಸಲು ಮನೆಗೆ ಓಡಿದಳು. ದಾರಿಯಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡರೂ ಓಡಿಯೇ ಮುಟ್ಟಿದಳು. ನಾನು ಗೋಡೆಗೆ ಬೆನ್ನು ಕೊಟ್ಟುಕೊಂಡು ಅಡ್ಡಡ್ಡಲಾಗಿ ಮನೆ ಸೇರಿದೆ.

ಹೆಂಡತಿ ನನ್ನ ಪ್ಯಾಂಟಿನ ಒಳಮಗ್ಗುಲನ್ನೂ ಪರೀಕ್ಷಿಸಿದಳು. ಅಲ್ಲೂ ಒಂದು ನೂಲಷ್ಟೂ ಉಳಿದಿರಲಿಲ್ಲ.

ಈಗ ಅಪ್ಪ, ಮಗಳು ದಿನಾ ಓಡುತ್ತೇವೆ. ಪುಟ್ಟಿ ಮುಂದೆ, ನಾನು ಬಹಳ ಹಿಂದೆ. ಯಾರು ನಕ್ಕರೂ ನಾನು ನಿಲ್ಲಿಸುವುದಿಲ್ಲ. ನನಗಿರುವ ಸಂಕಟ ಒಂದೇ. ನಮ್ಮಿಬ್ಬರ ಹೊಸ ಬಟ್ಟೆಯನ್ನು ನನ್ನ ಹೆಂಡತಿ ಎದುರಂಗಡಿಯ ದರ್ಜಿಗೆ ಕೊಟ್ಟಿದ್ದಾಳೆ! ಅದೂ ಇಡೀ ಬೀದಿಗೆ ಕೇಳಿಸುವಂತೆ: "ಮಗಳದ್ದಕ್ಕೆ ಉದ್ದದಲ್ಲಿ ಬೇಕಾದಷ್ಟು ಬಟ್ಟೆ ಬಿಡಿ, ಬೆಳೀತಾಳೆ. ಇವರದ್ದಕ್ಕೆ ಎಲ್ಲೂ ಒಂದು ಬೆರಳೂ ಬಿಡಬೇಡಿ, ಬೆಳೆದಿದ್ದು ಸಾಕು!"